ದರಪಟ್ಟಿ

ಸುಣ್ಣ ಬಳಿಯಲೆಂದು ಮಧ್ಯಾಹ್ನ ಮೇಜು ಸರಿಸಿದ್ದೆ.
ಸಂಜೆ ಎಲ್ಲ ವೈರೂ ಅದರದರ ತೂತಿಗೇ ತುರುಕಿ
ಗುಂಡಿ ಒತ್ತಿದರೆ
ಡಬ್ಬದೊಳಗೆ ಫ್ಯಾನು ತಿರುಗುತ್ತದೆ, ಹಸಿರು ದೀಪ ಉರಿಯುತ್ತದೆ,
ಪರದೆ ಮಾತ್ರ
ತೊಳೆದಿಟ್ಟ ಕಾವಲಿ.
ಅದರ ಮೇಲೆ ಮೂಲೆಯಿಂದ ಮೂಲೆಗೆ ತೇಲುವ ಒಂದೇ ಮಾತು,
ಸಿಗ್ನಲ್ ಇಲ್ಲ.
ಆಮೇಲೆ ಅದೂ ಇಲ್ಲ.

ಬೆಳಗ್ಗೆ ಆರಕ್ಕೆ ಮಾಲತೇಶ ಬರುತ್ತಾನೆ.
ಸವಾರ್‌ಲೈನ್ ರಸ್ತೆಯ ಅವನ ಹೋಟೆಲಿಗೆ ಹೊಸ ದರಪಟ್ಟಿ ಬೇಕು,
ವಡೆಗೆ ಎರಡು ರೂಪಾಯಿ ಏರಿದೆ.
ಗೋಡೆಯ ಹಳೇ ಪಟ್ಟಿಯನ್ನು ಆಗಲೇ ಕಿತ್ತಿದ್ದಾನಂತೆ, ಮಹಾಶೂರ.

ಇಮ್ತಿಯಾಜನಿಗೆ ಫೋನು ಮಾಡಿದೆ. ತುತ್ತು ನುಂಗುತ್ತ ಅಂದ:
"ಅಕ್ಕಾ, ಮೊದಲು ಪ್ಲಗ್ ಕೀಳಿ. ಮುಚ್ಚಳ ತೆಗೀರಿ.
ಉದ್ದಕ್ಕೆ ಹಸಿರು ಪಟ್ಟಿ ಇರತ್ತಲ್ಲ, ರ‍್ಯಾಮು,
ಎರಡೂ ಕಡೆ ಕಿವಿ ಅಗಲಿಸಿದರೆ ಮೇಲೆ ಬರತ್ತೆ.
ಬಂಗಾರದ ಹಲ್ಲು ಕಾಣತ್ತೆ. ರಬ್ಬರಿನಿಂದ ಉಜ್ಜಿ."
ಯಾವ ರಬ್ಬರು?
"ಮಕ್ಕಳದ್ದು ಅಕ್ಕಾ, ಪೆನ್ಸಿಲ್ ಅಳಿಸೋದು."

ಮಗಳ ಕಂಪಾಸು ಪೆಟ್ಟಿಗೆಯಿಂದ ಸ್ಟ್ರಾಬೆರಿ ವಾಸನೆಯ ರಬ್ಬರು ಕದ್ದೆ,
ತಪ್ಪು ಲೆಕ್ಕ ಅಳಿಸಿ ಅಳಿಸಿ ಅರ್ಧ ಸವೆದದ್ದು.
ಹಲ್ಲು ಉಜ್ಜಿದೆ, ಉಫ್ ಎಂದು ಊದಿದೆ, ಕಟ್ ಎನ್ನುವ ತನಕ ಒತ್ತಿದೆ.
ಈಗ ಯಂತ್ರಕ್ಕೆ ಸ್ಟ್ರಾಬೆರಿ ಪರಿಮಳ.
ಪರದೆ, ಅದೇ ಕಾವಲಿ.

ಹನ್ನೊಂದರ ಹತ್ತಿರ. ತಾಳಗುಪ್ಪದಿಂದ ಬರುವ ರೈಲು ಕೂಗಿ ಹೋಯಿತು.
ಬೇಸರಕ್ಕೆ ನಮ್‌ಲಾಕ್ ಒತ್ತಿದೆ.
ಕೀಲಿಮಣೆಯ ಮೂಲೆಯಲ್ಲಿ ಸಾಸಿವೆಯಷ್ಟು ದೀಪ
ಹತ್ತಿತು. ಮತ್ತೆ ಒತ್ತಿದೆ. ಆರಿತು.
ಓಹೋ, ಒಳಗೆ ಎಚ್ಚರವಾಗಿಯೇ ಇದ್ದೀಯ!
ಕರೆದರೆ ಓ ಅನ್ನುತ್ತೀಯ, ಮುಖ ತೋರಿಸುವುದಿಲ್ಲ, ಅಷ್ಟೇ ತಾನೆ?

ಹೊಸಮನೆಯ ಟೈಪಿಂಗ್ ಶಾಲೆಯಲ್ಲಿ ಲೂಸಿ ಟೀಚರು
ನನ್ನ ಬೆರಳುಗಳ ಮೇಲೆ ಚೌಕುಳಿ ಟವೆಲು ಹೊದಿಸುತ್ತಿದ್ದರು.
"ನೋಡಬೇಡ. ಸಾರಿಗೆ ಉಪ್ಪು ಹಾಕುವಾಗ ತಕ್ಕಡಿ ಹಿಡಿಯುತ್ತೀಯಾ?"
ಆ ಟವೆಲು ಈಗ ಕೈಬಿಟ್ಟು ಕಣ್ಣಿಗೆ ಬಂದಿದೆ.

ನೋಟ್‌ಪ್ಯಾಡು ತೆರೆದೆ, ತೆರೆದೆನೆಂದುಕೊಂಡೆ.
ಸ್ಕ್ರೋಲ್‌ಲಾಕ್ ಒತ್ತಿ ಕನ್ನಡಕ್ಕೆ ಬಂದೆ, ಬಂದೆನೆಂದುಕೊಂಡೆ.
ಇಡ್ಲಿ. ಪೂರಿ. ಖಾಲಿ ದೋಸೆ.
ಚಿತ್ರವಿಲ್ಲದೆಯೇ ಚಿತ್ರಾನ್ನ.
ವಡೆಗೆ ಬಂದಾಗ ಬೆರಳು ತಡೆಯಿತು,
ಹದಿನೆಂಟೋ, ಇಪ್ಪತ್ತೋ? ಇಪ್ಪತ್ತು.
ಕಂಟ್ರೋಲು, ಪಿ, ಎಂಟರು.
ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದ ಹಾಗೆ ಕಾದೆ.

ಪ್ರಿಂಟರು ಕೆಮ್ಮಿತು.
ಹಾಳೆ ಬಂತು, ಬಿಸಿಬಿಸಿ,
ಬಂದದ್ದು ಕನ್ನಡವಲ್ಲ. ಫಾಂಟು ಬದಲಿಸಿರಲಿಲ್ಲ ನಾನು.
ಇಂಗ್ಲಿಷಿನ ಚೂರು, ಚುಕ್ಕೆ, ಕೊಂಬು, ಪೌಂಡಿನ ಗುರುತು.
ಇಪ್ಪತ್ತು ವರ್ಷ ಡಿಟಿಪಿ ಮಾಡಿದವಳಿಗೆ ಇದೂ ಓದಲು ಬರುತ್ತದೆ:
ಪೌಂಡು ಅಂದರೆ ನ,
ಓರೆ ಗೆರೆ ಹೊತ್ತ ಎ ಅಂದರೆ ತಲೆಕಟ್ಟು.
ಅಂಕಿಗಳು ಮಾತ್ರ ಯಾರ ಹಂಗಿಲ್ಲದೆ ಅಂಕಿಗಳೇ.

ಮಾಲತೇಶ ಬಂದ. ಹಾಳೆಯನ್ನು ತಲೆಕೆಳಗು ಮಾಡಿಯೂ ನೋಡಿದ.
"ಇದ್ಯಾವ ಭಾಷೆ ಅಕ್ಕಾ?"
ನಿನ್ನದೇ ಹೋಟೆಲು ಮಾರಾಯ. ಮೂರನೇ ಸಾಲು ಖಾಲಿ ದೋಸೆ, ಕೊನೆಯದು ವಡೆ.
ಬಲಗಡೆಯ ಅಂಕಿಗಳ ಮೇಲೆ ಬೆರಳೋಡಿಸಿದ.
"ರೇಟು ಸರಿಯಿದೆಯಲ್ಲ, ಸಾಕು ಬಿಡಿ.
ತಿಂಡಿ ಏನಂತ ಗಿರಾಕಿಗೆ ಮೂಗೇ ಹೇಳತ್ತೆ."
ತಗೊಂಡು ಹೋಗಿಯೇ ಬಿಟ್ಟ.

ಬಿಸಿಲು ಬಂದ ಮೇಲೆ ಪರದೆಯ ವೈರು ಕಿತ್ತು ನೋಡಿದರೆ
ತುದಿಯ ಸೂಜಿಗಳ ಸಾಲಿನಲ್ಲಿ
ಒಂದು ಮಲಗಿತ್ತು.
ಸೀರೆಯ ಪಿನ್ನಿನಿಂದ ಮೆಲ್ಲಗೆ ಎಬ್ಬಿಸಿ
ಮತ್ತೆ ಚುಚ್ಚಿದೆ.

ಬಿಳಿ ಹಾಳೆ ಬೆಳಗಿತು.
ಅದೇ ಗೀಚು. ಕೊನೆಯ ಸಾಲಿನಲ್ಲಿ, ವಡೆಯ ಪಕ್ಕ,
ಕರ್ಸರು,
ರಾತ್ರಿಯಿಡೀ ಯಾರೂ ನೋಡದಿದ್ದರೂ
ಎದ್ದು ಕೂತು, ಎದ್ದು ಕೂತು.