ಹದಿಮೂರನೇ ನಂಬರಿನ ಚಾದರ

ಸೋಲಾಪುರ ಸ್ಟೇಷನ್ನಿನಿಂದ ಬರುವಾಗ ಎಡಕ್ಕೆ,
ಈಗ ಮೋಟಾರು ಬಿಡಿಭಾಗದ ಅಂಗಡಿಗಳಿರುವಲ್ಲಿ
ವಿಕ್ಟರಿ ಹೋಟೆಲು ಇತ್ತು.
ಇತ್ತು ಅನ್ನಲು ನನ್ನ ಹತ್ತಿರ ಫೋಟೊ ಇಲ್ಲ.
ಅಗಸರ ಲೆಕ್ಕದ ವಹಿ ಒಂದಿದೆ,
ಗೆದ್ದಲು ತಿಂದು ಬಿಟ್ಟ ಮೂರು ವರ್ಷ ಅದರಲ್ಲಿ.

ದಾರಬ್ ಶೇಟ ಕಟ್ಟಿಸಿದ್ದಂತೆ, ಹತ್ತಿಯ ದುಡ್ಡಿನಲ್ಲಿ.
ಮುಂಬಯಿ ದಲಾಲರು ರೈಲಿಳಿದು
ಕೋಟಿನ ಧೂಳು ಝಾಡಿಸುವ ಮೊದಲೇ ಬಿಸಿನೀರು ಸಿಗಬೇಕು.
ಮೂರು ಅಂತಸ್ತು. ಬರ್ಮಾ ಸಾಗವಾನಿಯ ಮೆಟ್ಟಿಲು.
ಊಟದ ಹಾಲಿನಲ್ಲಿ ಬಿಳಿ ಕೈಗವಸಿನ ಹುಡುಗರು:
ಮನೆಯಲ್ಲಿ ಖಡಕ್ ರೊಟ್ಟಿ ಮುರಿದು ತಿಂದು ಬಂದು
ಇಲ್ಲಿ ಚಮಚ ಸದ್ದಾಗದಂತೆ ಸೂಪು ಇಡುವವರು.

ನನ್ನಜ್ಜಿ ಮಲಕವ್ವ ಮುಂಬಾಗಿಲು ದಾಟಿದವಳಲ್ಲ.
ಹಿಂದಿನ ಕಿಂಡಿಯಿಂದ ಗಂಟು ಬೀಳುತ್ತಿತ್ತು,
ಕತ್ತೆಯ ಬೆನ್ನೇರಿ ಕೆರೆಗೆ.
ಆಕೆ ಕಂಡ ಹೋಟೆಲೇ ಬೇರೆ:
ನಾಕನೇ ನಂಬರಿನವ ಹಾಸಿಗೆಯಲ್ಲೇ ಚಹಾ ಕುಡಿಯುತ್ತಾನೆ.
ಒಂಬತ್ತರಾಕೆ ರಾತ್ರಿಯೆಲ್ಲ ಅತ್ತಿದ್ದಾಳೆ, ಕಾಡಿಗೆ ಹೇಳುತ್ತದೆ.
ಇಪ್ಪತ್ತೆರಡರಲ್ಲಿ ಯಾರೂ ಮಲಗೇ ಇಲ್ಲ,
ಬಾಡಿಗೆ ಮಾತ್ರ ಬರುತ್ತದೆ.

ಪ್ರತಿ ಚಾದರದ ಮೂಲೆಗೆ ಕೆಂಪು ದಾರದ ನಂಬರು.
ಹೊಲಿದವಳು ಅವಳೇ, ಕನ್ನಡ ಅಂಕಿಯಲ್ಲಿ.
ಬೇರೆ ಬರುತ್ತಿರಲಿಲ್ಲ.
ಮುಕದ್ದಮನಿಗೆ ಮರಾಠಿ ಬಿಟ್ಟರೆ ಬರದು,
ಮ್ಯಾನೇಜರ ಡಿಮೆಲೊನಿಗೆ ಇಂಗ್ಲಿಷು ಬಿಟ್ಟರೆ.
ಅವಳ ೭ನ್ನು ಆತ ಎರಡೆಂದು ಓದಿ
ಎಷ್ಟು ಸಲ ಏಳರವನ ಬೆವರ ಕಲೆ
ಎರಡರವನ ಕೆನ್ನೆಗೆ ತಾಗಿತೋ.

ಆ ಹೋಟೆಲಿನಲ್ಲಿ ಹನ್ನೆರಡಾದ ಮೇಲೆ ಹದಿನಾಲ್ಕು.
ಹದಿಮೂರು ಸಾಹೇಬರಿಗೆ ಆಗಿಬರುವುದಿಲ್ಲವಂತೆ.
ಅಜ್ಜಿಗೆ ಯಾರೂ ಹೇಳಲಿಲ್ಲ.
ಎಣಿಕೆ ಅಂದರೆ ಎಣಿಕೆ ಅಲ್ಲವೆ?
ಎಂಟು ಚಾದರ, ಎಂಟು ದಿಂಬಿನ ಗವಸು,
೧೩ ಎಂದು ಹೊಲಿದು ಒಯ್ದಳು.
ಡಿಮೆಲೊ ಎದೆಗೆ ಶಿಲುಬೆ ಗೀರಿಕೊಂಡ,
ಗಂಟನ್ನು ಕಿಂಡಿಯಿಂದಲೇ ಹೊರಗೆ ನೂಕಿದ,
ಬಟ್ಟೆಯ ದುಡ್ಡು ಎರಡು ತಿಂಗಳ ಪಗಾರದಲ್ಲಿ ಮುರಿದುಕೊಂಡ.

ಮಿಲ್ಲಿನ ಭೋಂಗಾ ನಿಂತ ಮೇಲೆ ದಲಾಲರು ಬರಲಿಲ್ಲ.
ಮದುವೆಗೆ ಕೊಟ್ಟರು. ಆಮೇಲೆ ಗೊಬ್ಬರದ ಗೋದಾಮು.
ಆಮೇಲೆ ಅಣ್ಣತಮ್ಮಂದಿರ ಖಟ್ಲೆ, ಪಾರಿವಾಳ.
ಕೆಡವುವಾಗ ನಾನು ಏಳನೇ ಇಯತ್ತೆ.
ಒಂದು ಇಡೀ ದಿನ ಮೇಲಂತಸ್ತಿನ ನೀಲಿ ಬಚ್ಚಲು
ಮೂರೇ ಗೋಡೆಯಲ್ಲಿ
ಬೀದಿಗೆ ಮುಖ ಮಾಡಿ ನಿಂತಿತ್ತು.
ಅಜ್ಜಿ ಸೆರಗು ಬಾಯಿಗೆ ಒತ್ತಿ ನಕ್ಕಳು:
ಅಂತೂ ಒಳಗ ನೋಡಿದೆ.

ನಾವೆಲ್ಲ ಮಲಗಿದ್ದು ಹದಿಮೂರರ ಮೇಲೆ.
ಸೋದರಮಾವ ಅದರಲ್ಲಿ ಹುಟ್ಟಿದ, ನನಗೆ ಕಾಮಾಲೆಯಾಯಿತು,
ತಂಗಿ ತೊದಲು ಬಿಟ್ಟಳು.
ಕೇಡು ಅಂತ ಬೇರೆ ಏನೂ ಆಗಲಿಲ್ಲ,
ಆದದ್ದು ಎಲ್ಲರ ಮನೆಯಲ್ಲೂ ಆಗುವುದೇ.

ಮೊನ್ನೆ ಪುಣೆಯಿಂದ ಒಬ್ಬ ಹುಡುಗ ಬಂದಿದ್ದ,
ಹಳೆಯ ಕಟ್ಟಡಗಳ ಮೇಲೆ ಬರೆಯುತ್ತಾನಂತೆ.
ಏನಾದರೂ ಉಳಿದಿದೆಯೇ ಎಂದ.
ಒಂದು ಕೋಣೆ ಉಳಿದಿದೆ ಎಂದೆ, ನಂಬರೂ ಹೇಳಿದೆ.
ನಕ್ಷೆ ಬಿಚ್ಚಿ ಬೆರಳಾಡಿಸಿದ. ಹದಿಮೂರು ಇಲ್ಲವೇ ಇಲ್ಲ, ಮಾವಶಿ.

ತಡಿ, ಅಂದೆ.
ಮಾಳಗಿ ಮ್ಯಾಲ ಒಣಾ ಹಾಕೀನಿ.