ಬೆನ್ನ ಹೊಲಿಗೆ

ಏಳು ಜನರಲ್ಲಿ ಏಳನೆಯವಳು ನಾನು.
ಸತುರ್ನಿನೊ ಎಂಟನೆಯವನಾದರೂ ಲೆಕ್ಕಕ್ಕಿಲ್ಲ,
ಹಿಂದುಳಿಯುವುದೇ ಅವನ ಕೆಲಸ:
ಪಂಪು, ಎರಡು ತೇಪೆಯ ಟ್ಯೂಬು, ಅಯೋಡಿನ್ ಸೀಸೆ ಹೊತ್ತು
ಸಿಮೆಂಟ್ ಫ್ಯಾಕ್ಟರಿಯ ಹಳೇ ಅಂಗಿಯಲ್ಲಿ
ಮಂದೆಯ ಹಿಂದಿನ ನಾಯಿಯಂತೆ, ಬೊಗಳದೆ.

ಬೆಟ್ಟ ನನಗೆ ಕಾಣುವುದು ಕಡಿಮೆ.
ಕಾಣುವುದು ಬೆನ್ನು.
ಬೆಳಿಗ್ಗೆ ಒಂದು ತಾಸು ಆರೂ ಕಾಣುತ್ತವೆ,
ಆಮೇಲೆ ತಿರುವುಗಳು ಒಂದೊಂದನ್ನೇ ನುಂಗುತ್ತವೆ.
ಆ ಆರಕ್ಕೂ ಅಂಗಿ ಹೊಲಿದವಳು ನಾನೇ,
ಫೆಬ್ರವರಿಯ ರಾತ್ರಿಗಳಲ್ಲಿ,
ಇಟ್ಟಿಗೆಗೂಡಿನ ಹೊಗೆ ಕಿಟಕಿಯಲ್ಲಿ ಇಣುಕುತ್ತಿದ್ದಾಗ.
ಎಲಿಸೆಯೊನ ಕಾಲರು ಎರಡು ಸಲ ಬಿಚ್ಚಿ ಹಾಕಿದ್ದು.
ಯಾಮಿಲೆಯ ಎಡ ಜೇಬು ಕೊಂಚ ಸೊಟ್ಟ,
ಕರೆಂಟು ಹೋದ ಹೊತ್ತಿನದು.
ಅವಳಿಗೇ ಗೊತ್ತಿಲ್ಲ. ನಾನು ಮಾತ್ರ ದಿನವೂ
ಆ ಸೊಟ್ಟದ ಹಿಂದೆಯೇ ಬೆಟ್ಟ ಹತ್ತುತ್ತೇನೆ.

ಮೊದಲ ದಿನ ನೀಲಗಿರಿ ತೋಪು, ಆಲೂಗಡ್ಡೆ ಹೊಲ,
ರಸ್ತೆಗೆ ಬೆನ್ನು ಹಾಕಿ ನಿಂತ ದನ.
ತಿರುವಿಗೊಬ್ಬರು ಇರುತ್ತಾರೆ ನಮ್ಮ ಬೊಯಾಕಾದಲ್ಲಿ,
ಕರಿ ಟೋಪಿ, ಉಣ್ಣೆಯ ರುವಾನಾ, ಕೈಯಲ್ಲಿ ಹಾಲಿನ ಕ್ಯಾನು.
ಕರುವಿಗೂ ಗವರ್ನರನಿಗೂ ಒಂದೇ ಮರ್ಯಾದೆ, 'ಸುಮೆರ್ಸೆ',
ನನಗೂ ಅದೇ:
"ಹೋಗಿ ಸುಮೆರ್ಸೆ, ಮುಂದಿನವರು ಈಗಷ್ಟೇ ಹೋದರು."
ಎಷ್ಟು ಹೊತ್ತಾಯಿತು ಅಂತ ಸತುರ್ನಿನೊಗೆ ಗೊತ್ತು.
ಗಡಿಯಾರವನ್ನು ತೋಳಿನೊಳಗೆ ಎಳೆದುಕೊಳ್ಳುತ್ತಾನೆ.

ಎರಡನೆಯ ದಿನ ಮಳೆ. ಶಾಲೆಯ ಬೆಂಚುಗಳ ಮೇಲೆ ಮಲಗಿದೆವು.
ಕರಿಹಲಗೆಗೆ ಒರಗಿಸಿದ ಸೈಕಲ್ಲುಗಳು ತೊಟ್ಟಿಕ್ಕುತ್ತ
ಏಳರ ಮಗ್ಗಿಯನ್ನು ಅರ್ಧ ಅಳಿಸಿದವು.
ಗೋಡೆಯ ನಕಾಶೆಯಲ್ಲಿ ಯಾಮಿಲೆ ಉಗುರಿಟ್ಟು ಅಳೆದಳು:
ಎರಡು ದಿನದ ದಾರಿ, ಅರ್ಧ ಉಗುರು.
ಯಾರೂ ನಗಲಿಲ್ಲ. ಒಬ್ಬೊಬ್ಬರೂ ತಮ್ಮ ಮೊಣಕಾಲನ್ನು
ಯಾರದೋ ಕೂಸಿನಂತೆ ಹಿಡಿದುಕೊಂಡಿದ್ದರು.

ಮೂರನೆಯ ದಿನ ಇಳಿದೆವು, ಇಳಿದೆವು,
ಕಿವಿ ಕಟ್ಟುವಷ್ಟು, ಕಬ್ಬಿನ ಸೆಕೆಯೊಳಕ್ಕೆ.
ಆಲೆಮನೆಯ ಕೊಪ್ಪರಿಗೆ ಕುದಿಯುತ್ತಿತ್ತು,
ಹೇಸರಗತ್ತೆಯ ಮೈಗೂ ಪಾಕದ ವಾಸನೆ.
ಮುದುಕಿ ನೆಪೊಮುಸೆನಾ ಬಿಸಿ ಬೆಲ್ಲದ ನೀರಿಗೆ
ಚೀಸಿನ ತುಂಡು ಹಾಕಿ ಕೊಟ್ಟಳು, ಕಾಸು ಮುಟ್ಟಲಿಲ್ಲ.
ಲಿಯೊನೆಲ್ ಕುಡಿಯಲಿಲ್ಲ. ಹೊಟ್ಟೆ ಭಾರವಾಗುತ್ತದಂತೆ.
ಇಟ್ಟಿಗೆ ಹೊತ್ತು ಹೊತ್ತು ಬಾಗಿಲಿನಷ್ಟು ಅಗಲವಾದ ಆ ಭುಜ
ನಾವು ಲೋಟ ತೊಳೆಯುವಷ್ಟರಲ್ಲಿ ಹೊರಟೇ ಹೋಯಿತು.

ನಾಲ್ಕನೆಯ ದಿನ ಪಾರಮೊ. ಮರವಿಲ್ಲ, ಮನೆಯಿಲ್ಲ,
ಬೆರಳಿಗೆ ಬ್ರೇಕು ಎಲ್ಲಿದೆಯೆಂದೇ ತಿಳಿಯದ ಚಳಿ.
ಉಣ್ಣೆ ಎಲೆಯ ಗಿಡಗಳು ಮಂಜಿನಲ್ಲಿ ಆಳೆತ್ತರ ನಿಂತು
ಏನನ್ನೂ ಹೇಳುವುದಿಲ್ಲ, "ಈಗಷ್ಟೇ" ಎಂದು ಕೂಡ.
ಮೈಲಿಗಲ್ಲಿನ ಮೇಲೆ ಯಾರೋ ಕೂತಿದ್ದರು.
ತುಟಿ ಬೂದಿ. ಒಂದು ಶೂ ಕೈಯಲ್ಲಿ.
ಎಲೆಯಲ್ಲಿ ಸುತ್ತಿದ ಸೀಬೆಹಣ್ಣಿನ ಹಲ್ವ ಕೊಟ್ಟೆ.
ಲಿಯೊನೆಲ್ ಎಲೆಗೆ ಅಂಟಿದ್ದನ್ನೂ ನೆಕ್ಕಿದ.

ಆಮೇಲೆ ನನ್ನ ಹಿಂದೆ ಬಂದ.
ಒಂದು ತಾಸು ಉಸಿರಷ್ಟೇ ಮಾತು.
"ಎರ್ಮೆನ್ಸಿಯಾ, ನಿನ್ನ ಅಂಗಿ ಬೆನ್ನಲ್ಲಿ ಎರಡು ತುಂಡು."
"ಬಟ್ಟೆ ಸಾಲಲಿಲ್ಲ."
ಚೈನು ಒಂದು ಸುತ್ತು, ಇನ್ನೊಂದು ಸುತ್ತು.
"ನನ್ನ ಭುಜಕ್ಕೆ ಹೋಯಿತೇ?"
"ನಾಲ್ಕು ಬೆರಳು."
ಕೆಮ್ಮಿದನೋ ನಕ್ಕನೋ. ಸತುರ್ನಿನೊನನ್ನು ಕೇಳಬೇಕು.

ನೆತ್ತಿಯಲ್ಲಿ ಹಾಲಿನ ಹುಡುಗನೊಬ್ಬ
"ಈಗಷ್ಟೇ" ಎನ್ನಲು ಬಾಯಿ ತೆರೆದ,
ಮೂವರನ್ನು ನೋಡಿ ಲೆಕ್ಕ ತಪ್ಪಿ, ಮುಚ್ಚಿದ.

ಇಳಿಜಾರು. ಲಿಯೊನೆಲ್ ಮುಂದೆ ಹೋಗಲಿಲ್ಲ.
ಗಾಳಿ ಹೊಕ್ಕು ನನ್ನ ಅಂಗಿ ಉಬ್ಬಿತು.
ಹೊಲಿಗೆ ತಡೆದಿರಬೇಕು.
ನನಗೆ ಕಾಣುವುದಿಲ್ಲವಲ್ಲ.