ಟಾರ್ಚ್ ಹಿಡಿಯುವವನು

ನನ್ನ ಕೆಲಸ ಟಾರ್ಚ್ ಹಿಡಿಯುವುದು.
ಗೋಪಾಳದ ಬಾಡಿಗೆ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ,
ಬೆಳಗಿನ ನಾಲ್ಕೂ ಮುಕ್ಕಾಲು. ಮಂಜಿಗೆ ಸೀಟೆಲ್ಲ ಒದ್ದೆ.
ದಮಯಂತಿ ಗೋಣಿಚೀಲ ಹಾಸಿ ಕೂತಿದ್ದಾಳೆ,
ಸ್ವೆಟರಿನ ತೋಳು ಮೊಣಕೈವರೆಗೆ ಮಡಚಿ.

ಏಳೂವರೆಯೊಳಗೆ ಹನ್ನೊಂದು ಮನೆ ಅವಳಿಗೆ.
ಹನ್ನೊಂದು ಖಾಲಿ ಹೊಟ್ಟೆಗಳು
ಕಾಫಿ ಮುಟ್ಟದೆ, ಗೇಟಿನ ಸದ್ದಿಗೆ ಕಿವಿ ಕೊಟ್ಟು ಕೂತಿರುತ್ತವೆ.
ವಿದ್ಯಾನಗರದ ಇಗ್ನೇಷಿಯಸ್ ಮಾಸ್ತರರಂತೂ
ಐದು ನಿಮಿಷ ತಡವಾದರೆ ಕದ್ದು ಬಿಸ್ಕತ್ತು ತಿಂದು
ಸಕ್ಕರೆ ಏರಿದ್ದಕ್ಕೆ ಲ್ಯಾಬನ್ನು ಬೈಯುತ್ತಾರೆ.

ನಿನ್ನೆ ಗಾಡಿ ತುಂಗಾ ಸೇತುವೆಯ ನಟ್ಟನಡುವೆ ನಿಂತಿತು.
ಕೆಮ್ಮಲಿಲ್ಲ, ಒದರಲಿಲ್ಲ,
ಮಾತಾಡುತ್ತಾಡುತ್ತಲೇ ತೂಕಡಿಸಿದ ಮುದುಕಿಯ ಹಾಗೆ.
ಅರ್ಧ ಗಂಟೆ ಬಿಟ್ಟು ಕಿಕ್ ಹೊಡೆದರೆ
ನನಗೇನಾಗಿತ್ತು ಅಂತ ಎದ್ದು ಹೊರಟಿತು.
ಅಷ್ಟರಲ್ಲಿ ಡಬ್ಬಿಯ ಐಸು ನೀರಾಗಿತ್ತು.

"ಮೊದಲು ಎಣ್ಣೆ, ಆಮೇಲೆ ಕಿಡಿ, ಆಮೇಲೆ ಗಾಳಿ."
ಹೊಸನಗರದ ಸೈಕಲ್ ಶಾಪಿನಲ್ಲಿ
ಅವಳಪ್ಪ ಲೂನಾ ಬಿಚ್ಚುತ್ತಾ ಬಾಯಿಪಾಠ ಮಾಡಿಸಿದ ಮಗ್ಗಿ.
ಪೈಪು ಕಿತ್ತು ಬಾಟಲಿಗೆ ಬಿಟ್ಟಳು: ಎಣ್ಣೆ ಇಳಿಯುತ್ತಿದೆ.
ಪ್ಲಗ್ಗು ಬಿಚ್ಚಿದಳು: ಸೌದೆ ಒಲೆಯ ಪಾತ್ರೆಯ ತಳದಷ್ಟು ಕಪ್ಪು.
ಎಮರಿ ಕಾಗದದಿಂದ ತಿಕ್ಕಿ, ಊದಿ,
"ನಿಮ್ಮದೊಂದು ಲಗ್ನಪತ್ರಿಕೆ ಕೊಡಿ" ಎಂದಳು.

ದುರ್ಗಿಗುಡಿಯ ಪ್ರೆಸ್ಸಿನಲ್ಲಿ ಹತ್ತೊಂಬತ್ತು ವರ್ಷದಿಂದ
ಕರಡು ತಿದ್ದುವವನು ನಾನು.
ವರನ ಹೆಸರಿನಲ್ಲಿ ಒತ್ತು ತಪ್ಪಿದ್ದೊಂದು ಕಾರ್ಡು ಕೊಟ್ಟೆ.
ಮಡಚಿ, ಪ್ಲಗ್ಗಿನ ಬಾಯಿಗೆ ಸಿಕ್ಕಿಸಿ
ಬಿಗಿಯಾಗಿ ಜಾರುವಷ್ಟಕ್ಕೆ ತಟ್ಟಿದಳು. ಅಂತರ ಸರಿಯಾಯಿತು.

"ಈಗ ಟಾರ್ಚ್ ಆರಿಸಿ."
ಆರಿಸಿದೆ. ಪ್ಲಗ್ಗನ್ನು ಇಂಜಿನ್ನಿನ ಮೈಗೆ ತಾಗಿಸಿ
ಇನ್ನೊಂದು ಕೈಯಲ್ಲಿ ಕಿಕ್ಕರ್ ಒತ್ತಿದಳು.
ಚಿಟ್.
ಮಂಜಿನೊಳಗೊಂದು ನೀಲಿ ಕಾಳು.
ಮತ್ತೊಂದು ಸಲ ಚಿಟ್. ಅಷ್ಟರ ಬೆಳಕಿಗೇ ಅವಳ ಮೂಗುಬೊಟ್ಟು ಕಂಡಿತು.

ಎಲ್ಲ ಕೂಡಿಸಿ ಒದ್ದಳು. ಹತ್ತಿಕೊಂಡಿತು.
ಆಕ್ಸಿಲರೇಟರ್ ಹಿಂಡಿಯೇ ನಿಂತಳು, ನಾನು ಗಡಿಯಾರ ನೋಡುತ್ತಾ.
ಪಕ್ಕದ ಮನೆಯ ದೀಪ ಹೊತ್ತಿತು, ಯಾರೋ ಕೆಮ್ಮಿದರು.
ಏಳು ನಿಮಿಷ. ಎಂಟು.
ಅದೇ ತೂಕಡಿಕೆ. ಅದೇ ಮೌನ.

ಅವಳು ಬೈಯಲಿಲ್ಲ.
ರಕ್ತನಾಳ ಸಿಗದ ತೋಳನ್ನು ನೋಡುವ ಹಾಗೆ
ತಲೆ ವಾರೆ ಮಾಡಿ ನೋಡಿದಳು ಸುಮಾರು ಹೊತ್ತು.
ಆಮೇಲೆ ಟ್ಯಾಂಕಿನ ಮುಚ್ಚಳ ತಿರುವಿದಳು.
ಸುಯ್ಯ್...
ಒಳಗೆ ಯಾರೋ ಉಸಿರು ಎಳೆದುಕೊಂಡರು.

ಮುಚ್ಚಳದ ಅಡಿಯಲ್ಲಿ ದುಂಡಗೆ ಕತ್ತರಿಸಿದ ಪ್ಲಾಸ್ಟಿಕ್ಕು.
ಅಂಚಿನಲ್ಲಿ ಅರ್ಧ ಗಣಪತಿ, "ಶುಭವಿವಾಹ"ದ "ಶುಭ".
"ಯಾರಿದು?"
ಟಾರ್ಚಿನ ಬೆಳಕು ಗೋಡೆಗೆ ಹೋಯಿತು.

ಮೊನ್ನೆಯ ಅಕಾಲದ ಮಳೆಗೆ ಟ್ಯಾಂಕಿಗೆ ನೀರು ಹೋದೀತೆಂದು
ನಾನೇ ಅಳತೆ ಹಿಡಿದು ಕತ್ತರಿಸಿ, ಅಂಟಿಸಿ,
ಯಾರಿಗೂ ಹೇಳದೆ ಒಂದು ವಾರ ಬೀಗಿದ್ದೆ.
ಊರಿನವರ ತಪ್ಪೆಲ್ಲ ಕೆಂಪು ಶಾಯಿಯಲ್ಲಿ ಸುತ್ತುವ ಬೆರಳು ಇದು.

"ಮುಚ್ಚಳಕ್ಕೊಂದು ತೂತು ಇರತ್ತೆ ಮಾರಾಯ್ರೆ.
ಗಾಳಿ ಒಳಗೆ ಹೋಗದೆ ಎಣ್ಣೆ ಕೆಳಗೆ ಬರಲ್ಲ."
ಇಷ್ಟೇ ಹೇಳಿ, ಸೂಜಿಪಿನ್ನಿನಿಂದ ತೂತು ಬಿಡಿಸಿ,
ಪ್ಲಾಸ್ಟಿಕ್ಕನ್ನು ನಾಲ್ಕಾಗಿ ಮಡಚಿ ನನ್ನ ಅಂಗಿಯ ಜೇಬಿಗೆ ಹಾಕಿದಳು.

ಐದೂ ಮುಕ್ಕಾಲು. ಗಾಡಿ ತನ್ನ ಪಾಡಿಗೆ ಗುನುಗುತ್ತಿದೆ.
ಸೀಮೆಎಣ್ಣೆ, ಸೋಪು, ಆಮೇಲೆ ಸ್ಪಿರಿಟ್ಟು ಹಚ್ಚಿ ಕೈ ತೊಳೆದು
ಡಬ್ಬಿ ತೆರೆದಳು.
"ನೀವೂ ಕಾಫಿ ಕುಡಿದಿಲ್ಲ ಅಲ್ವಾ? ಬನ್ನಿ ಇಲ್ಲಿ.
ಎರಡು ವರ್ಷದಿಂದ ತಪ್ಪಿಸ್ಕೋತಿದೀರಿ."

ಒಗೆಯುವ ಕಲ್ಲಿನ ಮೇಲೆ ಕೂರಿಸಿ,
ಎಡತೋಳಿಗೆ ರಬ್ಬರು ಬಿಗಿದು, ಬೆರಳಿನಿಂದ ತಡವುತ್ತಾ,
"ಮುಷ್ಟಿ ಕಟ್ಟಿ.
ಟಾರ್ಚ್ ಸರಿಯಾಗಿ ಹಿಡೀರಿ."